ನಡಾವಳಿ ಪುಸ್ತಕಕ್ಕೊಂದು ಬಹಿರಂಗ ಪತ್ರ

ಮಾನ್ಯ ನಡಾವಳಿ ಪುಸ್ತಕದವರಿಗೆ,

ಬಂಗಾರಪೇಟೆ ಕಡೆಯ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಆಯ್ಕೆಯಾದ ಪೋಷಕ ಸದಸ್ಯನ ನಮಸ್ಕಾರಗಳು. ನಾನು ಆಡಿದ್ದೇನು, ತಾವು ಬರೆದುಕೊಂಡಿದ್ದೇನು ಎಂದು ಕೇಳುವುದಕ್ಕೇ ಈ ಕಾಗದ.

ಹೋದ ಸಭೆಯಲ್ಲಿ "ಶೌಚಾಲಯದಲ್ಲಿ ನೀರಿಲ್ಲ, ರಿಪೇರಿಗೆ ಬಂದ ದುಡ್ಡು ಏನಾಯ್ತು?" ಅಂದೆ. ಮೊದಲು ಕನ್ನಡದಲ್ಲಿ, ಸಿಟ್ಟು ಏರಿದ ಮೇಲೆ ತೆಲುಗಿನಲ್ಲಿ, ಕೊನೆಗೆ ಕೆಜಿಎಫ್ ತಮಿಳಿನಲ್ಲಿ. ನಮ್ಮ ಕಡೆ ಜಗಳಕ್ಕೆ ಮೂರು ಭಾಷೆಯಾದರೂ ಬೇಕು. ತಮ್ಮಲ್ಲಿ ಮಾತ್ರ ಅಚ್ಚುಕಟ್ಟಾದ ಒಂದೇ ಸಾಲು: "ಸದಸ್ಯರು ಶಾಲೆಯ ಸ್ವಚ್ಛತೆಯ ಬಗ್ಗೆ ಸಂತಸ ವ್ಯಕ್ತಪಡಿಸಿದರು." ಕೆಳಗೆ, ಹಾಜರಿಗೆಂದು ಮೊದಲೇ ಹಾಕಿಸಿಕೊಂಡಿದ್ದ ನನ್ನ ಸಹಿ. ಇಂಥ ಅನುವಾದಕ್ಕೆ ಇನ್ನೂ ಯಾವ ಪ್ರಶಸ್ತಿಯೂ ಬಂದಿಲ್ಲವಲ್ಲ!

ಅದರ ಹಿಂದಿನ ಸಭೆಗೆ ನಾನು ಬಂದೇ ಇರಲಿಲ್ಲ. ಬೆಳಗಿನ ಟ್ರೈನು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವನಿಗೆ ಹನ್ನೊಂದು ಗಂಟೆಯ ಸಭೆ ಎಲ್ಲಿ ದಕ್ಕೀತು? ರಾತ್ರಿ ತಾವೇ ಒಬ್ಬ ಹುಡುಗನ ಕಂಕುಳೇರಿ ಮನೆಗೆ ಬಂದಿರಿ. ಬಿಚ್ಚಿ ನೋಡಿದರೆ ನಾನು ಆಗಲೇ "ಸರ್ವಾನುಮತ"ದಲ್ಲಿ ಸೇರಿಹೋಗಿದ್ದೆ.

2001ರ ಫೆಬ್ರವರಿ ಕೊನೆಗೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು, ಏಪ್ರಿಲ್‌ನಲ್ಲಿ ಎಸ್‌ಡಿಎಂಸಿ ರಚಿಸುವ ಆದೇಶ ಬಂತು. ಒಂದು ಗುಂಡಿ ಮುಚ್ಚಿ ಎರಡು ತಿಂಗಳಿಗೆ ಇನ್ನೊಂದು ತೆಗೆದರು ಎನ್ನಿ. ಇದರೊಳಗೆ ಮಾತು ಇಳಿಸಿದರೆ ಮೇಲೆ ಬರುವುದು ಸಹಿ.

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನು ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಲಿ, ಅನುದಾನದ ಬಳಕೆಯ ಮೇಲೆ ಕಣ್ಣಿಡಲಿ ಅನ್ನುತ್ತದೆ. ಕಣ್ಣಿಗೆ ಕಂಡದ್ದನ್ನು ಬಾಯಿ ಹೇಳಬಹುದೇ? ಶಾಸಕರು ಸದನದಲ್ಲಿ ಏನಂದರೂ ಕೋರ್ಟಿಗೆ ಎಳೆಯುವಂತಿಲ್ಲ, ಸಂವಿಧಾನದ 194ನೇ ವಿಧಿ ಅವರ ಬೆನ್ನಿಗಿದೆ. ನನಗಿರುವುದು ಎಲ್ಲ ಪ್ರಜೆಗಳಿಗೂ ಇರುವ 19ನೇ ವಿಧಿ. ಅದನ್ನು ನೆಚ್ಚಿ ಬಾಯಿ ತೆರೆದರೆ ಯಾರೂ ಗದರುವುದಿಲ್ಲ. ಮೆತ್ತಗೆ ಕೇಳುತ್ತಾರೆ: "ನಿಮ್ಮ ಮಗಳು ಐದನೇ ಕ್ಲಾಸಲ್ವಾ ಸಾರ್?" ಅವಳು ಅಲ್ಲಿ ಓದುತ್ತಾಳೆಂದೇ ನಾನು ಸದಸ್ಯ. ಬಾಯಿ ಮುಚ್ಚಿಕೊಳ್ಳುವುದಕ್ಕೂ ಅದೇ ಕಾರಣ.

2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಎಸ್‌ಡಿಎಂಸಿಗಳಿಗೆ ಸುತ್ತೋಲೆ ಬಂದಿತ್ತಲ್ಲ, ಹೊರಗೆ ಗದ್ದಲವೆದ್ದು ಕೆಲವೇ ದಿನದಲ್ಲಿ ವಾಪಸಾಯಿತು. ತಮ್ಮನ್ನು ನಂಬಿ ಕೂತಿದ್ದರೆ "ಪೋಷಕರು ಹರ್ಷದಿಂದ ಅನುಮೋದಿಸಿದರು" ಎಂದಿರುತ್ತಿತ್ತು.

ಮುಂದಿನ ಸಭೆಗೆ ಒಂದು ದಿನದ ಸಂಬಳ ಬಿಟ್ಟು ಬರುತ್ತೇನೆ. "ನೀರಿಲ್ಲ" ಎಂಬ ಮೂರಕ್ಷರಕ್ಕೆ ಜಾಗ ಬಿಟ್ಟಿರಿ. ಪೆನ್ನು ನಾನೇ ತರುತ್ತೇನೆ.

ಇತಿ,
ಸರ್ವಾನುಮತದಲ್ಲೊಬ್ಬ