ಪಂಕ್ತಿಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು

ಕೆಮಿಸ್ಟ್ರಿ ಮೇಷ್ಟ್ರುಗಳು ರಿಟೈರಾದ ಮೇಲೆ ಇನ್ನೂ ಅಪಾಯಕಾರಿ. ನಮ್ಮ ಬೀದಿಯವರಂತೂ ಬೇಟೆಯಾಡುವುದೇ ಮದುವೆ ಊಟದಲ್ಲಿ. ಎಲೆ ಮುಂದೆ ಕೂತವರು ಎದ್ದು ಓಡುವ ಹಾಗಿಲ್ಲವಲ್ಲ! ಬೀರುವಿನ ನುಸಿಗುಳಿಗೆ, ಕೈಗೆ ಹಚ್ಚುವ ಸ್ಯಾನಿಟೈಸರ್, ಎಲ್ಲಕ್ಕೂ ಅವರದು ಒಂದೇ ಪ್ರಶ್ನೆ: "ಯಾಕೆ ಆವಿಯಾಗತ್ತೆ, ಹೇಳಿ?"

ಮೊನ್ನೆ ನನ್ನ ಪಕ್ಕವೇ ಕೂತರು. ಸಾರು ಬಡಿಸಿದ್ದೇ ತಡ, ಹಬೆ ನೋಡಿ ಶುರು. "ನೀರು ಕುದ್ದಾಗ ಏನು ಮುರಿಯತ್ತೆ?" ಆಚೆ ಕಡೆ ಕೂತಿದ್ದ ಗಂಡಿನ ಚಿಕ್ಕಪ್ಪ, ಪಾಪ, "ಹೈಡ್ರೋಜನ್ನೂ ಆಕ್ಸಿಜನ್ನೂ ಬೇರೆಯಾಗ್ತವೆ" ಅಂದುಬಿಟ್ಟರು.

"ಹಾಗಾಗಿದ್ರೆ ಛತ್ರದ ಅಡುಗೆಮನೆ ಸೂರು ಹಾರಿಹೋಗ್ತಿತ್ತು ಸ್ವಾಮಿ!"

ಲಾಡಿನ ಚೂರು ಆಕ್ಸಿಜನ್ ಆಯಿತು, ಕೋಸಂಬರಿಯ ಬೇಳೆ ಹೈಡ್ರೋಜನ್. ನನ್ನ ಎಲೆಯಿಂದಲೂ ನಾಲ್ಕು ಬೇಳೆ ಕಡ ತೆಗೆದುಕೊಂಡರು. "ಅಣುವಿನ ಒಳಗಿನ ಈ ಬಂಧ ಕೀಳೋಕೆ ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು. ಈ ಅಣುವಿಗೂ ಆ ಅಣುವಿಗೂ ಮಧ್ಯೆ ಇರೋ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು ಸಾಕು. ಕುದಿಯೋವಾಗ ಬಿಡೋದು ಇದು. ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರ, ಆದ್ರೂ ಮೈನಸ್ 60 ಡಿಗ್ರಿಗೇ ಕುದ್ದುಹೋಗತ್ತೆ. ಈ 20 ಅಲ್ಲಿ ಗಿಟ್ಟಲ್ಲ, ಅದಕ್ಕೆ!"

ಇಷ್ಟಕ್ಕೆ ತಲೆಯಾಡಿಸಿ ಅನ್ನ ಕಲಸಬಹುದಿತ್ತು. ಗ್ರೇಸ್ ಮಾರ್ಕ್ಸಿನಲ್ಲಿ ಪಿಯುಸಿ ದಾಟಿದ ನನಗೆ ಹಳೆಯ ಬಾಯಿಪಾಠ ನೆನಪಾಗಿ, "ಅಂದ್ರೆ ಹೈಡ್ರೋಜನ್ ಬಂಧವೇ ಮೊದಲು, ಆಮೇಲೆ ದ್ವಿಧ್ರುವ, ಕೊನೆಗೆ ಲಂಡನ್ ಬಲ, ಅಲ್ವಾ ಸಾರ್?" ಎಂದೆ. ಕೆಂಡಾಮಂಡಲವಾದರು. "ಅಯೋಡಿನ್‌ಗೆ ಹೈಡ್ರೋಜನ್ ಬಂಧ ಇದೆಯಾ? ದ್ವಿಧ್ರುವ ಇದೆಯಾ? ಇರೋದು ಬರೀ ಲಂಡನ್ ಬಲ. ಆದ್ರೂ ಕುದಿಯೋದು 184ಕ್ಕೆ, ನಿಮ್ಮ ನೀರು 100ಕ್ಕೆ! ಅಣುವಿಗೆ 106 ಎಲೆಕ್ಟ್ರಾನ್ ಕಣ್ರೀ. ಅವು ಕ್ಷಣಕ್ಕೊಂದು ಕಡೆ ವಾಲಿದ್ರೆ ಪಕ್ಕದ ಅಣುವಿನವೂ ವಾಲ್ತವೆ. ಫ್ರಿಟ್ಸ್ ಲಂಡನ್ 1930ರಲ್ಲೇ ಲೆಕ್ಕ ಹಾಕಿ ತೋರಿಸಿದಾನೆ. ಅಣುವಿನ ಗಾತ್ರ ನೋಡದೆ ಒಂದು, ಎರಡು, ಮೂರು ಅಂತ ರ‍್ಯಾಂಕ್ ಕೊಡೋಕೆ ಇದೇನು ಸಿಇಟಿಯಾ?"

ಅಷ್ಟರಲ್ಲಿ ಪಾಯಸದವನು ನಮ್ಮನ್ನು ದಾಟಿ ಹೋಗಿದ್ದ.

ಸಿಟ್ಟು ಬಂತು, ನಿಜ. ಆದರೆ ಅರ್ಥವಾಗುವ ಹಾಗೆ ಹೇಳಿದರು ಎಂಬುದೂ ನಿಜ. ಒಂದು ಕಾಲಕ್ಕೆ ಅವರ ಜಗಲಿ ತುಂಬ ಟ್ಯೂಷನ್ ಹುಡುಗರ ಚಪ್ಪಲಿ. ಈಗ ಎಲ್ಲರೂ ಕೋಚಿಂಗ್ ಸೆಂಟರಿಗೆ ಹೋಗುತ್ತಾರೆ; ಅಲ್ಲಿ ಉತ್ತರಕ್ಕೆ ಟಿಕ್ ಹಾಕಿದರೆ ಮುಗಿಯಿತು. ಮೇಷ್ಟ್ರು ಸಂಜೆ ಕಪ್ಪುಹಲಗೆ ಒರೆಸಿ, ಸೀಮೆಸುಣ್ಣ ಜೋಡಿಸಿಟ್ಟು, ಗೇಟಿನ ಹತ್ತಿರ ನಿಂತಿರುತ್ತಾರೆ.

ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ದಯವಿಟ್ಟು ಕಳಿಸಿಕೊಡಿ. ಫೀಸು ಕೇಳುವವರಲ್ಲ. ನಮಗೂ ನೆಮ್ಮದಿಯಾಗಿ ಊಟ ಸಿಗುತ್ತದೆ.