ನವರಸಪುರದ ಹಳೆಯ ಡೆವಲಪರ್ ಸಾಹೇಬರ ಸನ್ನಿಧಾನಕ್ಕೆ

ಜಗದ್ಗುರು ಬಾದಶಹರೆಂದು ಖ್ಯಾತರಾದ ಎರಡನೆಯ ಇಬ್ರಾಹಿಂ ಆದಿಲಶಹರ ಸನ್ನಿಧಾನಕ್ಕೆ, ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ಮನೆ ಹಾಗೂ ಪ್ಲಾಟು ಕೊಳ್ಳುವ ಮತ್ತು ಮಾರುವ ಸಮಸ್ತರ ಪರವಾಗಿ ಸಲ್ಲಿಸುವ ಬಹಿರಂಗ ಪತ್ರ.

1599ರಲ್ಲಿ ಸನ್ನಿಧಾನವು ನಗರದ ಪಶ್ಚಿಮಕ್ಕೆ, ತೊರವಿಯ ಬಳಿ, ನವರಸಪುರವೆಂಬ ಹೊಸ ಪಟ್ಟಣಕ್ಕೆ ಕೈ ಹಾಕಿದ್ದೂ, ಅದು ಮುಗಿಯುವ ಮೊದಲೇ 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿದ್ದೂ ಇತಿಹಾಸದಲ್ಲಿ ದಾಖಲಾದ ಸಂಗತಿಗಳಾಗಿದ್ದು, ಅಲ್ಲಿನ ಸಂಗೀತ ಮಹಲಿನ ಕಮಾನುಗಳು ಇಂದಿಗೂ ಅದಕ್ಕೆ ಸಾಕ್ಷಿ ನಿಂತಿವೆ. ಈ ಸೀಮೆಯ ಮೊದಲ ಅಪೂರ್ಣ ಬಡಾವಣೆಯೆಂಬ ಗೌರವ ಅದಕ್ಕೇ ಸಲ್ಲಬೇಕಾದ್ದರಿಂದ, ತೊರವಿಯನ್ನು ಹಾಯ್ದು ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯ ಅಕ್ಕಪಕ್ಕ ಈಗ ಏಳುತ್ತಿರುವ ಬಡಾವಣೆಗಳ ಅಹವಾಲು ಕೇಳಲು ಸನ್ನಿಧಾನಕ್ಕಿಂತ ಅನುಭವಿಗಳು ಯಾರೂ ಇಲ್ಲವೆಂದು ಭಾವಿಸಲಾಗಿದೆ. ಆದಿಲಶಾಹಿಯವರು ತೊರವಿಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ನಗರಕ್ಕೆ ಹರಿಸಿದ್ದರು. ಈಗಿನ ಬಡಾವಣೆಗಳಲ್ಲಿ ನೀರು ಕರಪತ್ರದ ನಕ್ಷೆಯ ಮೇಲೆ ನೀಲಿ ಬಣ್ಣದಲ್ಲಿ ಹರಿಯುತ್ತದೆ. ಮೊದಲು ರಸ್ತೆಯಂಚಿಗೆ ಒಂದು ಸ್ವಾಗತ ಕಮಾನು ಏಳುತ್ತದೆ, ಬಳಿಕ ಕಡಲೆ ಕಿತ್ತ ಹೊಲದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ನಿಲ್ಲುತ್ತವೆ, ಕಲ್ಲಿನಿಂದ ಕಲ್ಲಿಗೆ ಸುಣ್ಣದ ಗೆರೆ ಬೀಳುತ್ತದೆ, ಮತ್ತು ಮೊದಲ ಮಳೆಗೆ ಗೆರೆ ಕರಗುವುದರೊಳಗಾಗಿ ಮುಂಗಡ ಬುಕಿಂಗ್ ಮುಗಿದಿರುತ್ತದೆ.

ಕೊಳ್ಳಲು ಬಂದವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ತೆರನಾಗಿರುತ್ತವೆ. ಬಾಗಿಲು ಪೂರ್ವಕ್ಕಿದೆಯೇ, ಅಡುಗೆಮನೆ ಆಗ್ನೇಯಕ್ಕೆ ಬಂದೀತೇ, ಬೋರಿಗೆ ನೀರು ಬಿದ್ದೀತೇ, ಬರುವ ವರ್ಷ ರೇಟು ಎಷ್ಟಾದೀತು ಎಂಬುದನ್ನೆಲ್ಲ ಹಿರಿಯರ ಸಮೇತ ಬಂದು ಎರಡೆರಡು ಸಲ ವಿಚಾರಿಸುವವರು, ಕಾಗದಪತ್ರದ ಮಾತು ಬಂದೊಡನೆ ದಲ್ಲಾಳಿಯ "ಎಲ್ಲಾ ಕ್ಲಿಯರ್ ಐತ್ರೀ, ನಮ್ಮ ಮ್ಯಾಲ ಬಿಡ್ರಿ" ಎಂಬ ಒಂದೇ ವಾಕ್ಯಕ್ಕೆ ತೃಪ್ತರಾಗಿ ಚಹಾ ಕುಡಿಯುವುದು ಸಂಶೋಧನೆಗೆ ಯೋಗ್ಯವಾದ ವಿದ್ಯಮಾನವಾಗಿದೆ. ಬುರಣಾಪುರ ಮದಭಾವಿಯ ಬಳಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಂದಿನಿಂದ ಜಿಲ್ಲೆಯ ಯಾವ ಮೂಲೆಯ ಪ್ಲಾಟಾದರೂ ಅದಕ್ಕೆ ಹತ್ತು ನಿಮಿಷದ ದೂರದಲ್ಲೇ ಇರುತ್ತದೆ. ಯಾವ ವಾಹನದಲ್ಲಿ ಎಂಬುದನ್ನು ಕೇಳುವುದು ಸಭ್ಯತೆಯಲ್ಲ.

ಹೊಲವು ಮನೆಯ ಜಾಗವಾಗುವ ಬಗೆಯನ್ನು ಸನ್ನಿಧಾನಕ್ಕೆ ಸಂಕ್ಷೇಪವಾಗಿ ಅರಿಕೆ ಮಾಡಬೇಕಾಗಿದೆ. ಬಿನ್‌ಶೇತ್ಕಿ ಎಂದರೆ ಸಾಗುವಳಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನಡಿ ಪಡೆಯುವ ಅನುಮತಿ. ಅದಾದ ಮೇಲೆ ಬಡಾವಣೆಯ ನಕ್ಷೆ ಮಂಜೂರಾಗಬೇಕು, ಆಮೇಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11ಎ, ನಗರದಲ್ಲಾದರೆ ಇ-ಖಾತಾ ಬರಬೇಕು. ಇವೆಲ್ಲ ಇಲ್ಲದ ಆಸ್ತಿಗೆ ಪಂಚಾಯಿತಿಯು ನಮೂನೆ 11ಬಿ ಕೊಡುತ್ತದೆ. ಅಂಥ ಆಸ್ತಿಯು ತೆರಿಗೆ ವಸೂಲಿಯ ಹೊತ್ತಿಗೆ ಸ್ಪಷ್ಟವಾಗಿ ಕಾಣಿಸಿಕೊಂಡು, ಸಕ್ರಮದ ಮಾತು ಬಂದಾಗ ಮಾಯವಾಗುವ ಸ್ವಭಾವದ್ದು. ದ್ರಾಕ್ಷಿ ತೋಟ ಮತ್ತು ಏತ ನೀರಾವರಿಯಿಂದ ಬೆಲೆ ಕಂಡ ತಿಕೋಟಾ, ಬಬಲೇಶ್ವರದ ನೆಲದಲ್ಲಿ, ತಾಲ್ಲೂಕು ಕೇಂದ್ರಗಳಾದ ಉತ್ಸಾಹವೂ ಸೇರಿ, ಎಕರೆಯನ್ನು ನಲವತ್ತು ಗುಂಟೆಗಳಾಗಿ ಹರಿದು ಮಾರುವ ಉದ್ಯಮವು ಈ ಯಾವ ಮೆಟ್ಟಿಲನ್ನೂ ಹತ್ತದೆ ನೇರವಾಗಿ ಅಟ್ಟಕ್ಕೇ ಜಿಗಿಯುವುದುಂಟು. ಒಂದು ಸರ್ವೆ ನಂಬರಿನ ತುಂಡನ್ನು ನೋಂದಾಯಿಸಲು 11ಇ ಎಂಬ ಅಳತೆ ನಕ್ಷೆ ಬೇಕೆಂದು ಉಪನೋಂದಣಿ ಕಚೇರಿಯಲ್ಲಿ ಹೇಳಿದಾಗ, ಅಂಥ ತುಂಡು ಕೊಳ್ಳಬಂದವರು ಕಚೇರಿಯವರನ್ನೇ ತೊಂದರೆ ಕೊಡುವವರೆಂದು ದೂರುತ್ತಾರೆ.

ಪಹಣಿ, ಅಂದರೆ ಈ ಕಡೆಯವರು ಉತಾರವೆನ್ನುವ ಕಾಗದದಲ್ಲಿ, 9ನೇ ಕಾಲಂ ಮಾಲೀಕರ ಹೆಸರನ್ನೂ 11ನೇ ಕಾಲಂ ಜಮೀನಿನ ಮೇಲಿರುವ ಇತರರ ಹಕ್ಕು ಮತ್ತು ಋಣಗಳನ್ನೂ, ಅಂದರೆ ಬೋಜಾವನ್ನೂ ಹೇಳುತ್ತವೆ. ಮಾರುವವರ ಬೆರಳು ಯಾವಾಗಲೂ 9ರ ಮೇಲಿರುತ್ತದೆ ಮತ್ತು ಹೆಬ್ಬೆರಳು 11ನ್ನು ಮುಚ್ಚಿಕೊಂಡಿರುತ್ತದೆ. ಒಂದು ನಮೂದು ಏನೇನು ಮಾಡಬಲ್ಲದೆಂಬುದಕ್ಕೆ ತಿಕೋಟಾ ತಾಲ್ಲೂಕಿನ ಹೊನವಾಡಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿನ 1,200 ಎಕರೆ ವಕ್ಫ್ ಆಸ್ತಿಯೆಂಬ ಮಾತೆದ್ದು, ರೈತರ ಕೈಗೆ ನೋಟಿಸು ಬಂದು, ರಾಜ್ಯವೇ ಗದ್ದಲದಲ್ಲಿ ಮುಳುಗಿತು. ಜಿಲ್ಲಾ ಉಸ್ತುವಾರಿ ಸಚಿವ ಎಂ. ಬಿ. ಪಾಟೀಲರು ಕೊಟ್ಟ ವಿವರಣೆಯಂತೆ, 1974ರ ಗೆಜೆಟ್ಟಿನಲ್ಲಿ ವಿಜಯಪುರದ ಮಹಲಬಾಗಾಯತದ ಆಸ್ತಿಯ ಮುಂದೆ ಕಂಸದೊಳಗೆ ಹೊನವಾಡವೆಂದು ತಪ್ಪಾಗಿ ಅಚ್ಚಾಗಿತ್ತು, 1977ರಲ್ಲಿ ಅದು ತಿದ್ದುಪಡಿಯೂ ಆಗಿತ್ತು, ಮತ್ತು ಆ ಊರಿನಲ್ಲಿ ನಿಜವಾಗಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ. ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿಗಳೇ ಸೂಚಿಸಬೇಕಾಯಿತು. ಎರಡು ಕಂಸಗಳ ನಡುವಿನ ಒಂದು ಊರಹೆಸರು ಅರ್ಧ ಶತಮಾನ ಮಲಗಿದ್ದು ಎದ್ದು ಕೂರಬಲ್ಲದಾದರೆ, ಉತಾರವನ್ನು ಮಡಚಿದ ಸ್ಥಿತಿಯಲ್ಲೇ ನೋಡಿ "ಸರಿ ಐತಿ ಬಿಡ್ರಿ" ಎನ್ನುವ ಖರೀದಿದಾರರ ಧೈರ್ಯಕ್ಕೆ ಸನ್ನಿಧಾನವು ಜಹಗೀರನ್ನೇ ದಯಪಾಲಿಸಬೇಕು.

ಋಣಭಾರ ಪ್ರಮಾಣಪತ್ರ, ಜನರ ಬಾಯಲ್ಲಿ ಇಸಿ, ತೆಗೆಸಿದರೆ ಎಲ್ಲವೂ ತಿಳಿಯುವುದೆಂಬ ನಂಬಿಕೆಯೂ ಪ್ರಬಲವಾಗಿದೆ. ಅದು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬೇರೊಬ್ಬರಿಗೆ ಬರೆದುಕೊಟ್ಟು ನೋಂದಾಯಿಸದೆ ಇಟ್ಟ ಸಂಚಕಾರ ಪತ್ರವನ್ನಾಗಲಿ, ನ್ಯಾಯಾಲಯದಲ್ಲಿ ನಡೆಯುತ್ತಿರುವ ವಾಟ್ಣಿ, ಅಂದರೆ ಪಾಲು ಹಂಚಿಕೆಯ, ದಾವೆಯನ್ನಾಗಲಿ ಅದು ಹೇಳುವ ಭರವಸೆಯಿಲ್ಲ. ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಸಿಗುವುದು 2004ರ ಈಚಿನ ವಿವರವಾದ್ದರಿಂದ, ಅದಕ್ಕೂ ಹಿಂದಿನದನ್ನು ಕಚೇರಿಗೆ ಹೋಗಿ ಕೇಳಬೇಕು. ಮಗಳ ಮದುವೆಗೆ ಹುಡುಗನ ಮನೆತನದ ಮೂರು ತಲೆಮಾರು ಕೆದಕುವವರು ಇಲ್ಲಿ ಒಂದು ತಲೆಮಾರಿಗೇ ದಣಿಯುತ್ತಾರೆ.

ವಾಟ್ಣಿಯ ಮಾತು ಬಂದಿದ್ದರಿಂದ ಅಕ್ಕತಂಗಿಯರ ವಿಷಯವನ್ನು ಬಿಡಲಾಗದು. ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದೂ ಹೇಳಿತು. ಆದರೂ "ಮಾಲೀಕರು ಎಷ್ಟು ಮಂದಿ" ಎಂಬ ಪ್ರಶ್ನೆಗೆ "ನಾವು ಮೂರು ಮಂದಿ ಅಣ್ತಮ್ಮರು" ಎಂಬ ಉತ್ತರವೇ ಈ ಸೀಮೆಯಲ್ಲಿ ಬರುತ್ತದೆ. ನಾಗರ ಪಂಚಮಿಗೆ ತವರಿಗೆ ಕರೆತಂದು, ಉಂಡಿ ತಿನ್ನಿಸಿ, ಸೀರಿ ಕುಬಸ ಕೊಟ್ಟು, ಮರುದಿನ ಜೋಕಾಲಿಯಿಂದ ಇಳಿಸಿ ನೇರವಾಗಿ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕುಬಿಟ್ಟ ಪತ್ರಕ್ಕೆ ಸಹಿ ಮಾಡಿಸುವ ಅಣ್ಣಂದಿರು ತಕ್ಕಮಟ್ಟಿಗೆ ಕಾನೂನು ಬಲ್ಲವರೇ. ಅಷ್ಟನ್ನೂ ಮಾಡದೆ ಮಾರಿದವರ ಮನೆಯನ್ನು ಕೊಂಡವರಿಗೆ, ಗೃಹಪ್ರವೇಶದ ಉಡುಗೊರೆಗಳ ಜೊತೆಗೆ ಸಮನ್ಸೊಂದು ಬಂದರೆ ಅದನ್ನು ಮನೆಯ ಹಳೆಯ ಮಗಳು ಕಳಿಸಿದ ಆಹೇರಿಯೆಂದೇ ಸ್ವೀಕರಿಸಬೇಕಾಗುತ್ತದೆ.

ನಗರದೊಳಗೆ ಕೊಳ್ಳುವವರ ಸಂಕಟಕ್ಕೆ ಸನ್ನಿಧಾನದ ಮನೆತನವೇ ಕಾರಣವಾಗಿದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು, ದುರಸ್ತಿಗೂ ಪರವಾನಗಿ ಬೇಕು. ಅಡ್ಡಾಡಿದಲ್ಲೆಲ್ಲ ಒಂದು ರೋಜಾ, ಒಂದು ಮಸೀದಿ, ಒಂದು ಬಾವಡಿ ಕಟ್ಟಿಸಿದ ವಂಶಕ್ಕೆ ಈ ಮೀಟರುಗಳ ಮುನ್ಸೂಚನೆ ಇರಲಿಲ್ಲವೆಂಬುದನ್ನು ಒಪ್ಪಬಹುದಾದರೂ, "ಗಚ್ಚಿ ಮ್ಯಾಲಿಂದ ಗೋಳಗುಮ್ಮಟ ಕಾಣ್ತೈತ್ರಿ" ಎಂದು ಹೆಚ್ಚಿಗೆ ಎರಡು ಲಕ್ಷ ಕೇಳುವ ಮಾಲೀಕರು, ಗುಮ್ಮಟದ ಕಾವಲುಗಾರರಿಗೂ ಆ ಗಚ್ಚಿ ಅಷ್ಟೇ ಚೆನ್ನಾಗಿ ಕಾಣುವುದೆಂಬುದನ್ನು ಬೆಲೆಯಲ್ಲಿ ಕಳೆಯುವುದಿಲ್ಲ. ಇನ್ನೊಂದು ಸಂಕಟವೂ ಉಂಟು: ನೋಂದಾಯಿತ ಖರೀದಿ ಪತ್ರವಿಲ್ಲದೆ ಬರೀ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಮಾಡಿದ ಮಾರಾಟದಿಂದ ಮಾಲೀಕತ್ವ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದ್ದರೂ, ಆ ಸುದ್ದಿ ಇನ್ನೂ ಸೊಲ್ಲಾಪುರ ರಸ್ತೆಯಲ್ಲೇ ಎಲ್ಲೋ ಬರುತ್ತಿರುವಂತಿದೆ.

ಮಾರುವವರ ಪ್ರಶ್ನೆ ಮಾತ್ರ ಒಂದೇ: "ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು?" ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ಮೇಲೆ ಕೊಳ್ಳುವವರಿಗೂ ಈ ಪ್ರಶ್ನೆ ಇಂಪಾಗಿ ಕೇಳತೊಡಗಿದೆ. ಸರ್ಕಾರವು ಪ್ರತಿ ಜಾಗಕ್ಕೂ ಕನಿಷ್ಠವೆಂದು ಗೊತ್ತುಪಡಿಸುವ ಮಾರ್ಗಸೂಚಿ ಬೆಲೆಯು 18 ಲಕ್ಷವಿದ್ದು ಮಾತು 30 ಲಕ್ಷಕ್ಕೆ ಮುಗಿದಿದ್ದರೆ, ಪತ್ರದಲ್ಲಿ 18 ಬರೆದು ಉಳಿದ 12ನ್ನು ಕೈಚೀಲದಲ್ಲಿ ಕೊಡುವುದನ್ನು ಉಭಯತರೂ ಜಾಣತನವೆಂದೇ ಬಗೆಯುತ್ತಾರೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡವೆಂದು 2015ರ ಜೂನಿನಿಂದ ಆದಾಯ ತೆರಿಗೆ ಕಾನೂನು ಹೇಳುತ್ತಿರುವುದು ಕೈಚೀಲಕ್ಕೆ ಗೊತ್ತಿಲ್ಲ. ಮುಂದೆ ಪಹಣಿಯ 11ನೇ ಕಾಲಮಿನಿಂದಲೋ, ತಂಗಿಯಿಂದಲೋ, ಸ್ಮಾರಕದಿಂದಲೋ ವ್ಯವಹಾರ ಕೆಟ್ಟು ಖರೀದಿದಾರರು ನ್ಯಾಯಾಲಯಕ್ಕೆ ಹೋದಾಗ ಅವರು ತೋರಿಸಬಲ್ಲ ನಷ್ಟ 18 ಲಕ್ಷ ಮಾತ್ರ. ಉಳಿದ 12 ಲಕ್ಷವನ್ನು ಕೊಟ್ಟೆನೆಂದರೆ ಒಂದು ಇಲಾಖೆ ಕಾಯುತ್ತದೆ, ಕೊಟ್ಟಿಲ್ಲವೆಂದರೆ ಹೆಂಡತಿ ಕಾಯುತ್ತಾಳೆ. ಈ ಸೀಮೆಯ ಖರೀದಿದಾರರನ್ನು ಮೋಸ ಹೋದವರೆಂದು ಪೂರ್ತಿಯಾಗಿ ಕನಿಕರಿಸಲು ಪತ್ರಲೇಖಕರಿಗೆ ಮನಸ್ಸು ಬಾರದಿರುವುದು ಇದೇ ಕಾರಣಕ್ಕೆ. ಆ ಹನ್ನೆರಡು ಲಕ್ಷಕ್ಕೆ ರಶೀದಿ ದೊರಕಿಸುವ ಉಪಾಯವೇನಾದರೂ ಶಾಹಿ ದಫ್ತರದಲ್ಲಿದ್ದರೆ ಸನ್ನಿಧಾನವು ತುರ್ತಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ,
ಖರೀದಿ ಕೊಡುವವರು ಮತ್ತು ಖರೀದಿ ತೆಗೆದುಕೊಳ್ಳುವವರು
ಸಾಕ್ಷಿದಾರರು: ಇಬ್ಬರು, ಕಚೇರಿಯ ಎದುರಿನ ಚಹಾ ಅಂಗಡಿಯಿಂದ ಕರೆತಂದವರು
ಬಿಕ್ಕಲಂ: ಉಭಯತರ ಹೇಳಿಕೆಯಂತೆ, ಓದದೆ ಬರೆದವರು