ಸಬ್ಬಸಿಗೆಯ ದಾಯಾದಿ

ಊಟಿಯ ತಂಪಿನಲ್ಲಿ ಬೆಳೆದ ಸೆಲೆರಿ ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆಯತ್ತ ಕಣ್ಣೂ ಹಾಯಿಸದೆ ಮೈಸೂರು, ಬೆಂಗಳೂರಿನ ಏಸಿ ಅಂಗಡಿಗಳ ದಾರಿ ಹಿಡಿಯುತ್ತದೆ. ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಬಿಡುವುದಿಲ್ಲವಾದ್ದರಿಂದ, ತಡವಾಗಿ ಹೊರಟರೆ ಚೆಕ್‌ಪೋಸ್ಟಿನಲ್ಲೇ ಬಾಡುತ್ತಾ ಕೂರಬೇಕು. ಈ ಸೀಮೆಯೊಂದಿಗೆ ಅದರ ನಂಟು ಅಷ್ಟೇ. ಆ ನಂಟನ್ನು ಬೆಳೆಸುವ ತುರ್ತೇನೂ ಇಲ್ಲವೆಂಬುದು ನನ್ನ ವಾದ. ಏಕೆಂದರೆ ಅದರ ದಾಯಾದಿಗಳೆಲ್ಲ ಆಗಲೇ ಇಲ್ಲಿ ಸಂಸಾರ ಹೂಡಿದ್ದಾರೆ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಕ್ಯಾರೆಟ್ಟು, ಡಬ್ಬಿಯೊಳಗಿನ ಇಂಗು, ಎಲ್ಲವೂ ಸೆಲೆರಿಯ ಮನೆತನದವೇ. ಹೂವು ಬಿಟ್ಟಾಗ ನೋಡಿದರೆ ಸಾಕು, ಹೆಚ್ಚಿನವುಗಳ ತಲೆಯ ಮೇಲೂ ಅದೇ ಪುಟ್ಟ ಛತ್ರಿ. ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ವಿಷದ ಗಿಡವೂ ಇದೇ ಕುಟುಂಬದ್ದು. ದೊಡ್ಡ ಮನೆಯೆಂದ ಮೇಲೆ ಅಂಥವನೊಬ್ಬ ಇದ್ದೇ ಇರುತ್ತಾನೆ. ಇನ್ನು ಸಬ್ಬಸಿಗೆಯಂತೂ ತೀರಾ ಹತ್ತಿರದ್ದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇವೆರಡಕ್ಕೂ ‘ಗ್ರೇವಿಯೊಲೆನ್ಸ್’, ಅಂದರೆ ಘಾಟು ಹೊಡೆಯುವಂಥದ್ದು, ಎಂಬ ಒಂದೇ ಅಡ್ಡಹೆಸರು ಅಂಟಿಸಿದ. ಪಕ್ಕದ ಮನೆಯ ಸಬ್ಬಸಿಗೆ ಹಾಕಿದ ಹಿಸುಕಿದ ಅವರೆ ಸಾರಿನ ವಾಸನೆ ಹಿಡಿದವರು ಇದಕ್ಕೆ ತಕರಾರೆತ್ತಲಾರರು.

ಔಷಧಿಯ ಗುಣ ಮರೆತಿರಲ್ಲ ಎನ್ನುವವರುಂಟು. ಮರೆತಿಲ್ಲ. ಅಜಮೋದವೆಂದು ಕೇಳಿದರೆ ಕೆಲವು ಗ್ರಂಧಿಗೆ ಅಂಗಡಿಯವರು ಸೆಲೆರಿ ಬೀಜವನ್ನೇ ಕಟ್ಟಿಕೊಡುತ್ತಾರೆ, ಇನ್ನು ಕೆಲವರು ಓಮದ ತಮ್ಮನಂಥ ಬೇರೊಂದು ಕಾಳನ್ನು. ಹೊಟ್ಟೆಯುಬ್ಬರಕ್ಕೆ ಎರಡನ್ನೂ ಹೇಳುತ್ತಾರೆ; ಆದರೆ ಆ ಕೆಲಸಕ್ಕೆ ನಮ್ಮ ಓಮ ರಜೆ ಹಾಕಿದ್ದು ಯಾವತ್ತು? ಬಾಣಂತಿಗೆ ಸಬ್ಬಸಿಗೆ, ಕೂಸಿಗೂ ಸಬ್ಬಸಿಗೆ. 1851ರಲ್ಲಿ ಇಂಗ್ಲೆಂಡಿನ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರಿನಲ್ಲಿದ್ದದ್ದು ಅದರ ಬೀಜದ ಎಣ್ಣೆಯೇ. ಸೆಲೆರಿಯ ಹಳೆಯ ಸರ್ವಿಸ್ ರಿಜಿಸ್ಟರ್ ತೆಗೆದರೆ, ಗ್ರೀಕರು ನೆಮಿಯಾದ ಪಂದ್ಯದಲ್ಲಿ ಗೆದ್ದವನ ತಲೆಗೂ ಸತ್ತವನ ಗೋರಿಗೂ ಅದನ್ನೇ ಮುಡಿಸುತ್ತಿದ್ದರು. ಔಷಧಿ ಫಲಿಸಿದರೂ ಫಲಿಸದಿದ್ದರೂ ಒಂದೇ ಹಾರ!

ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು: ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಕೂಡ ಸಮುದ್ರ ದಾಟಿ ಬಂದವಲ್ಲವೆ, ಸೆಲೆರಿಗೆ ಮಾತ್ರ ಬಾಗಿಲು ಯಾಕೆ ಹಾಕುತ್ತೀರಿ? ಒಪ್ಪಿದೆ. ಆದರೆ ಅವು ಹೊಲಕ್ಕೂ ಇಳಿದವು, ಸಾರಿಗೂ ಇಳಿದವು. ಸೆಲೆರಿಯ ಬೇರು ಮೇಲುಮೇಲೆ, ಬಾಯಾರಿಕೆ ಮಾತ್ರ ಆಳ. ಬೀಜ ಮೊಳೆಯಲು ಎರಡು ಮೂರು ವಾರ, ಕೈಗೆ ಬರಲು ನಾಲ್ಕೈದು ತಿಂಗಳು, ಅಷ್ಟು ದಿನವೂ ಒದ್ದೆ ಮಣ್ಣು ಮತ್ತು ತಂಪು ಗಾಳಿ ಬೇಕು. ಘಟ್ಟದ ಮಳೆಯ ನೆರಳಿನಲ್ಲಿ ಬೋರ್‌ವೆಲ್ಲಿನ ಕೆಮ್ಮು ಕೇಳುತ್ತಾ ಬದುಕುವ ಗುಂಡ್ಲುಪೇಟೆಯ ರೈತನಿಗೆ ಇದು ಬೆಳೆಯಲ್ಲ, ಮನೆಗೆ ಬಂದು ಕೂತ ಅಳಿಯ. ಸಬ್ಬಸಿಗೆಯಾದರೆ ಒಂದೂವರೆ ತಿಂಗಳಲ್ಲಿ ಕಂತೆಯಾಗಿ ಚಾಮರಾಜನಗರದ ಸಂತೆಯಲ್ಲಿರುತ್ತದೆ. ಅಷ್ಟಾದರೂ ಹಟವಿದ್ದವರು ಸೆಲೆರಿಯನ್ನು ಒಮ್ಮೆ ಬಸ್ಸಾರಿನ ಪರೀಕ್ಷೆಗೆ ಕೂರಿಸಲಿ. ನೂರಕ್ಕೆ 95 ಪಾಲು ನೀರೇ ಆಗಿರುವ ಸೊಪ್ಪನ್ನು ಬೇಯಿಸಿ ಬಸಿದ ಮೇಲೆ, ಪಲ್ಯಕ್ಕೆ ಒಗ್ಗರಣೆ ಹಾಕಲು ಬಾಣಲೆಯಲ್ಲಿ ಯಾರು ಉಳಿದಿರುತ್ತಾರೋ ನೋಡೋಣ.